ಗೆರೆಗಿಂತ ಗಿಡ್ಡ ಇದ್ದವರೆಲ್ಲ ಪಾಯಿಂಟ್ ಗಾರ್ಡ್ ಆಗುವುದಿಲ್ಲ: ಮುಂಬಯಿಯ ಒಂದು ಬಾಸ್ಕೆಟ್‌ಬಾಲ್ ಕ್ಲಾಸಿನ ವಿಮರ್ಶೆ

ವಡಾಲಾ ಕಡೆಯ ಒಂದು ಶಾಲೆಯ ಕೋರ್ಟಿನಲ್ಲಿ ಶನಿವಾರ, ಭಾನುವಾರ ಬೆಳಿಗ್ಗೆ ಆರೂವರೆಯಿಂದ ಎಂಟೂವರೆವರೆಗೆ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕ್ಲಾಸು ನಡೆಯುತ್ತದೆ. 14 ವರ್ಷದ ಮಗಳನ್ನು ಅಲ್ಲಿಗೆ 12 ವಾರ ಕರೆದುಕೊಂಡು ಹೋದೆ. ಅವಳನ್ನು ಬಿಟ್ಟು ವಾಪಸ್ ಬರಲಿಲ್ಲ. ಗೋಡೆ ಪಕ್ಕದ ಮೆಟ್ಟಿಲ ಮೇಲೆ ಕೂತು ಪೂರ್ತಿ ನೋಡಿದೆ. ಫೀಸು 9,600 ರೂಪಾಯಿ. ಅವರು ಕೊಟ್ಟ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಮಾತಿತ್ತು: ಇಲ್ಲಿ ನಿಜವಾದ ಪಾಯಿಂಟ್ ಗಾರ್ಡ್‌ಗಳನ್ನು ತಯಾರು ಮಾಡುತ್ತೇವೆ. ಪಾಯಿಂಟ್ ಗಾರ್ಡ್ ಅಂದರೆ ಕೋರ್ಟಿನಲ್ಲಿ ತಂಡದ ಆಟ ನಡೆಸುವವರು. ನಾನು ಹಣ ಕಟ್ಟಿದ್ದು ಆ ಮಾತನ್ನು ನಂಬಿ. ಅದು ಎಷ್ಟು ನಿಜವಾಯಿತು ಅಂತ ಹೇಳುವುದೇ ಈ ಬರಹದ ಕೆಲಸ.

ಕ್ಲಾಸಿನ ಹೆಸರು ಹಾಕುತ್ತಿಲ್ಲ. ಹೇಳಬೇಕಾದ್ದನ್ನೆಲ್ಲ ಕೋಚ್ ಸರ್‌ಗೆ ಎದುರಿಗೇ ಹೇಳಿದ್ದೇನೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು. ಇಂಥ ಕ್ಲಾಸುಗಳು ಈ ಊರಿನಲ್ಲಿ ಬೇಕಾದಷ್ಟಿವೆ, ನಿಮ್ಮ ಮಕ್ಕಳು ಬೇರೆ ಎಲ್ಲೋ ಹೋಗುತ್ತಿರಬಹುದು. ಅಲ್ಲೂ ಇದೇ ಪ್ರಶ್ನೆ ಬರುತ್ತದೆ.

ಮೊದಲ ದಿನವೇ ಒಂದು ತಪ್ಪು ನಡೆಯಿತು. ಸರ್ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. 16 ಮಕ್ಕಳನ್ನೂ ಒಬ್ಬೊಬ್ಬರಾಗಿ ಅದರ ಮುಂದೆ ನಿಲ್ಲಿಸಿದರು. ತಲೆ ಗೆರೆಗಿಂತ ಕೆಳಗೆ ಬಂದರೆ ಗಾರ್ಡ್, ಅಂದರೆ ರಿಂಗಿನಿಂದ ದೂರ ಬಾಲ್ ಆಡಿಸುವವಳು. ಮೇಲೆ ಹೋದರೆ ರಿಂಗ್ ಕೆಳಗೆ. ಐದು ನಿಮಿಷದಲ್ಲಿ ಯಾರು ಎಲ್ಲಿ ಆಡಬೇಕು ಅಂತ ತೀರ್ಮಾನ ಆಗಿಹೋಯಿತು. ನನಗೆ ಸಂಕಟವಾಯಿತು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಆಡಿದ ಮ್ಯಾಜಿಕ್ ಜಾನ್ಸನ್ 6 ಅಡಿ 9 ಇಂಚು ಇದ್ದರು. ಅದೇ ಲೀಗಿನ ಮಗ್ಸಿ ಬೋಗ್ಸ್ 5 ಅಡಿ 3 ಇಂಚು. ಇಬ್ಬರ ನಡುವೆ ಒಂದೂವರೆ ಅಡಿ ವ್ಯತ್ಯಾಸ, ಇಬ್ಬರೂ ಪಾಯಿಂಟ್ ಗಾರ್ಡ್‌ಗಳೇ. ಈ ಗೋಡೆ ಮುಂದೆ ನಿಂತಿದ್ದರೆ ಮ್ಯಾಜಿಕ್ ಬಾಲ್ ತರುವ ಅಭ್ಯಾಸವನ್ನೇ ಮಾಡುತ್ತಿರಲಿಲ್ಲ.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ನಾನು ಹುಟ್ಟಿ ಬೆಳೆದದ್ದು ಮಾಟುಂಗಾದಲ್ಲಿ. ಅಪ್ಪ ಕಿಂಗ್ಸ್ ಸರ್ಕಲ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾ ಮೇಲೆ ಕೂರುತ್ತಿದ್ದರು. ಇಂಡಿಯನ್ ಜಿಮ್ಖಾನಾದ ಕೋರ್ಟಿನ ಹೊರಗೆ ನಿಂತು ದೊಡ್ಡವರ ಆಟ ನೋಡುವುದು ನನ್ನ ಸಂಜೆಯ ಕೆಲಸ. ದೊಡ್ಡ ಪಂದ್ಯ ಇದ್ದರೆ ಅಣ್ಣ ನಾಗಪಾಡಾಕ್ಕೆ ಕರೆದುಕೊಂಡು ಹೋಗುತ್ತಿದ್ದ. ಅದು ಮುಂಬಯಿ ಬಾಸ್ಕೆಟ್‌ಬಾಲಿನ ತವರು. ಭಾರತ ತಂಡದ ನಾಯಕರಾಗಿದ್ದ, 1970ರ ಅರ್ಜುನ ಪ್ರಶಸ್ತಿ ಪಡೆದ ಅಬ್ಬಾಸ್ ಮುಂತಸಿರ್ ಅಲ್ಲಿಯವರೇ. ಮುಂದೆ 90ರ ದಶಕದಲ್ಲಿ ನಾನೂ ಕಾಲೇಜು ತಂಡಕ್ಕೆ ಗಾರ್ಡ್ ಆಗಿ ಆಡಿದೆ. ಆಗ ಬಾಲನ್ನು ಅರ್ಧ ಕೋರ್ಟ್ ದಾಟಿಸಲು 10 ಸೆಕೆಂಡ್, ರಿಂಗಿಗೆ ಎಸೆಯಲು 30 ಸೆಕೆಂಡ್ ಇತ್ತು. 2000ದಲ್ಲಿ ಅಂತರರಾಷ್ಟ್ರೀಯ ನಿಯಮ ಬದಲಾಗಿ ಅದು 8 ಮತ್ತು 24 ಆಯಿತು. ಕೇಳಲು ಸಣ್ಣ ಬದಲಾವಣೆ. ಆದರೆ ಪಾಯಿಂಟ್ ಗಾರ್ಡಿನ ತಲೆ ಎಷ್ಟು ಬೇಗ ಓಡಬೇಕು ಅನ್ನುವುದೇ ಬದಲಾಗಿಹೋಯಿತು.

ನನ್ನ ಪ್ರಕಾರ ಪಾಯಿಂಟ್ ಗಾರ್ಡ್ ಅಂದರೆ ಬಾಲ್ ಚೆನ್ನಾಗಿ ಕುಟ್ಟುವವರಲ್ಲ. ಬಾಲ್ ತರುವುದು ಬೇರೆ, ಆಟ ನಡೆಸುವುದು ಬೇರೆ. ಉಳಿದ ನಾಲ್ಕು ಜನರಲ್ಲಿ ಯಾರಿಗೆ ಎಲ್ಲಿ ಬಾಲ್ ಸಿಕ್ಕರೆ ಸುಲಭ, ಯಾರು ಸುಸ್ತಾಗಿದ್ದಾರೆ, ಯಾರಿಗೆ ಹತ್ತು ನಿಮಿಷದಿಂದ ಬಾಲೇ ಸಿಕ್ಕಿಲ್ಲ, ಇದೆಲ್ಲ ತಲೆಯಲ್ಲಿ ಇರಬೇಕು. ಮದುವೆ ಊಟದಲ್ಲಿ ಪಂಕ್ತಿಯ ಕೊನೆಗೆ ಒಬ್ಬರು ನಿಂತಿರುತ್ತಾರೆ ನೋಡಿ. ಕೈಯಲ್ಲಿ ಸೌಟು ಇರುವುದಿಲ್ಲ. ಆದರೆ ಏಳನೇ ಎಲೆಗೆ ಸಾರು ಬಂದಿಲ್ಲ ಅಂತ ಅವರಿಗೆ ಮೊದಲು ಗೊತ್ತಾಗುತ್ತದೆ. ಅವರು ಒಂದು ದಿನ ಇಲ್ಲದಿದ್ದರೆ ಪಂಕ್ತಿಯೇ ಅಸ್ತವ್ಯಸ್ತ.

2019ರ ಅಕ್ಟೋಬರ್‌ನಲ್ಲಿ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ಎರಡು ಪಂದ್ಯ ಆಡಿದವು. ಭಾರತದಲ್ಲಿ ಎನ್‌ಬಿಎ ತಂಡಗಳು ಆಡಿದ್ದು ಅದೇ ಮೊದಲು. ಎರಡನೇ ದಿನದ ಪಂದ್ಯಕ್ಕೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಪೇಸರ್ಸ್ 130–106ರಲ್ಲಿ ಗೆದ್ದರು. ಮಗಳು ಡಂಕ್ ನೋಡಿ ಕುಣಿದಳು. ನಾನು ಗಾರ್ಡ್‌ಗಳ ಕೈ ನೋಡುತ್ತಿದ್ದೆ. ಬಾಲ್ ಇರುವ ಕೈಯಲ್ಲ, ಖಾಲಿ ಕೈ. ಆ ಕೈ ಸುಮ್ನೆ ಇರುವುದೇ ಇಲ್ಲ. ನೀನು ಮೂಲೆಗೆ ಹೋಗು, ನೀನು ಸ್ಕ್ರೀನ್ ಹಾಕು (ಎದುರಾಳಿಯ ದಾರಿಗೆ ಅಡ್ಡ ನಿಲ್ಲು), ನೀನು ಸ್ವಲ್ಪ ತಡಿ. ಅಂದಿನಿಂದ ಮಕ್ಕಳ ಪಂದ್ಯದಲ್ಲೂ ನಾನು ಮೊದಲು ನೋಡುವುದು ಆ ಖಾಲಿ ಕೈಯನ್ನೇ.

ಈಗ ಕ್ಲಾಸಿಗೆ ಬರುತ್ತೇನೆ. ಒಳ್ಳೆಯದು ಜಾಸ್ತಿಯೇ ಇದೆ. ಇಬ್ಬರು ಕೋಚ್‌ಗಳು, ಇಬ್ಬರೂ ಸಮಯಕ್ಕೆ ಸರಿಯಾಗಿ ಬರುತ್ತಾರೆ. ಎರಡು ರಿಂಗ್‌ಗೂ ಬಲೆ ಇದೆ, ಬಾಲುಗಳು ಹುಡುಗಿಯರ 6ನೇ ಸೈಜಿನವು. ಡ್ರಿಬಲ್, ಅಂದರೆ ಬಾಲನ್ನು ನೆಲಕ್ಕೆ ಕುಟ್ಟುತ್ತಾ ಸಾಗುವುದನ್ನು ಕಲಿಸುವುದರಲ್ಲಿ ಇವರಿಗೆ ಸಾಟಿಯಿಲ್ಲ. ಎಡಗೈಯಲ್ಲಿ ಬಾಲ್ ಮುಟ್ಟಲೂ ಹೆದರುತ್ತಿದ್ದ ನನ್ನ ಮಗಳು ನಾಲ್ಕನೇ ವಾರಕ್ಕೆ ತಲೆ ಎತ್ತಿಕೊಂಡು ಎಡಗೈಯಲ್ಲಿ ಕೋರ್ಟ್ ಪೂರ್ತಿ ಓಡುತ್ತಿದ್ದಳು. ಸರ್ ಎದುರಿಗೆ ನಿಂತು ಬೆರಳು ತೋರಿಸುತ್ತಾರೆ. ಡ್ರಿಬಲ್ ಮಾಡುತ್ತಲೇ ಎಷ್ಟು ಬೆರಳು ಅಂತ ಕೂಗಬೇಕು. ಕೆಳಗೆ ನೋಡಿದರೆ ಸಿಕ್ಕಿಬೀಳುತ್ತಾರೆ. ಸರಳವಾದ ಉಪಾಯ, ತುಂಬಾ ಚೆನ್ನಾಗಿ ಕೆಲಸ ಮಾಡಿತು. ಒಂದು ಕಾಲು ನೆಲಕ್ಕೆ ಊರಿ ತಿರುಗುವ ಪಿವಟ್ಟನ್ನೂ ತಾಳ್ಮೆಯಿಂದ ತಿದ್ದಿದರು.

ಕೊರತೆ ಇರುವುದು ಮುಂದಿನ ಮೆಟ್ಟಿಲಿನಲ್ಲಿ. ಎರಡು ಗಂಟೆಯಲ್ಲಿ ಐದು ಜನರ ಎದುರು ಐದು ಜನ ಆಡುವುದು ಕೊನೆಯ 20 ನಿಮಿಷ ಮಾತ್ರ. ಅದರಲ್ಲೂ ಗಡಿಯಾರ ಇಲ್ಲ. 24 ಸೆಕೆಂಡ್ ಇಲ್ಲ, 8 ಸೆಕೆಂಡ್ ಇಲ್ಲ. ಹುಡುಗಿ ಬಾಲ್ ಹಿಡಿದುಕೊಂಡು ಎಷ್ಟು ಹೊತ್ತು ಬೇಕಾದರೂ ಸುತ್ತಬಹುದು. ಗಡಿಯಾರ ಇಲ್ಲದ ಕಡೆ ಎಲ್ಲರೂ ಪಾಯಿಂಟ್ ಗಾರ್ಡ್ ಥರ ಕಾಣುತ್ತಾರೆ. ಯಾವಾಗ ಕೊಡಬೇಕು ಅನ್ನುವ ತೀರ್ಮಾನವೇ ಬೇಕಾಗುವುದಿಲ್ಲವಲ್ಲ.

ಎಂಟನೇ ವಾರ ನಾನು ಸರ್ ಹತ್ತಿರ ಹೋದೆ. “ಸರ್, ನನ್ನ ಮೊಬೈಲಿನಲ್ಲಿ 24 ಸೆಕೆಂಡ್ ಇಡುತ್ತೇನೆ, ಮುಗಿದ ಕೂಡಲೇ ಕೂಗುತ್ತೇನೆ, ಪರವಾಗಿಲ್ವಾ?” ಅಂತ ಹಿಂದಿಯಲ್ಲಿ ಕೇಳಿದೆ. ಅವರು ಒಂದು ಕ್ಷಣ ಯೋಚಿಸಿ ಒಪ್ಪಿದರು. ಕೊನೆಯ ನಾಲ್ಕು ಭಾನುವಾರ ಎರಡನೇ ಬ್ಯಾಚಿನ ಮಕ್ಕಳ ಜೊತೆ ಪೂರ್ತಿ ಪಂದ್ಯ ಇಟ್ಟರು. ನಾನು ಮೆಟ್ಟಿಲ ಮೇಲೆ ಮೊಬೈಲ್ ಒಂದು ಕೈಯಲ್ಲಿ, ನೋಟ್‌ಬುಕ್ ಮಡಿಲಲ್ಲಿ ಇಟ್ಟುಕೊಂಡು ಕೂತೆ.

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ. ಒಂದು, ಅವಳೇ ಹಾಕಿದ ಪಾಯಿಂಟ್. ಎರಡು, ಅವಳ ಪಾಸಿನಿಂದ ಇನ್ನೊಬ್ಬಳಿಗೆ ಸಿಕ್ಕ ಸುಲಭದ ಅವಕಾಶ. ಮೂರು, ಕಳೆದುಕೊಂಡ ಬಾಲ್. ಎರಡನೆಯದನ್ನು ಅಸಿಸ್ಟ್ ಅಂತ ಬರೆಯಲಿಲ್ಲ, ಬೇಕಂತಲೇ. ಬಾಲ್ ರಿಂಗಿನೊಳಗೆ ಬಿದ್ದರೆ ಮಾತ್ರ ಅಸಿಸ್ಟ್ ಲೆಕ್ಕಕ್ಕೆ ಬರುತ್ತದೆ. ಮಕ್ಕಳ ಆಟದಲ್ಲಿ ಹತ್ತಿರದಿಂದ ಎಸೆದದ್ದೂ ತಪ್ಪಿಹೋಗುತ್ತದೆ. ಎಸೆದವಳು ತಪ್ಪಿಸಿದರೆ ಪಾಸ್ ಕೊಟ್ಟವಳ ಬುದ್ಧಿ ಕಮ್ಮಿ ಆಗುತ್ತದಾ? ಎನ್‌ಬಿಎಯಲ್ಲಿ ಜಾನ್ ಸ್ಟಾಕ್ಟನ್ ಅವರ 15,806 ಅಸಿಸ್ಟ್‌ಗಳನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ. ಅವರು 19 ಸೀಸನ್ ಒಂದೇ ಯೂಟಾ ಜಾಝ್ ತಂಡಕ್ಕೆ ಆಡಿದರು. ಅದರಲ್ಲಿ 18 ಸೀಸನ್ ಪಕ್ಕದಲ್ಲಿ ಕಾರ್ಲ್ ಮಲೋನ್ ಇದ್ದರು, ಕೊಟ್ಟದ್ದನ್ನು ರಿಂಗಿಗೆ ಸೇರಿಸಲು. ನಮ್ಮ ಮಕ್ಕಳಿಗೆ ಮಲೋನ್ ಎಲ್ಲಿಂದ ತರೋಣ? ಅದಕ್ಕೇ ಅವಕಾಶ ಎಣಿಸಿದೆ.

ತಂಡದಲ್ಲಿ ನಾಲ್ಕು ಗಾರ್ಡ್‌ಗಳು. ಜರ್ಸಿ ನಂಬರಿನಲ್ಲೇ ಹೇಳುತ್ತೇನೆ.

7ನೇ ನಂಬರ್. ಎಲ್ಲ ಅಪ್ಪ ಅಮ್ಮಂದಿರ ಕಣ್ಣೂ ಇವಳ ಮೇಲೆ. ಕಾಲುಗಳ ಮಧ್ಯೆ ಬಾಲ್ ದಾಟಿಸುತ್ತಾಳೆ, ಬೆನ್ನ ಹಿಂದೆ ದಾಟಿಸುತ್ತಾಳೆ, ಮೂರು ಜನರ ನಡುವೆ ನುಗ್ಗಿ ರಿಂಗಿನ ಹತ್ತಿರದಿಂದ ಲೇಅಪ್ ಹಾಕುತ್ತಾಳೆ. ನಾಲ್ಕು ಪಂದ್ಯದಲ್ಲಿ 38 ಪಾಯಿಂಟ್. ಸರ್ ಇವಳನ್ನೇ ನಂಬರ್ ಒನ್ ಪಾಯಿಂಟ್ ಗಾರ್ಡ್ ಅಂತ ಕರೆಯುತ್ತಾರೆ. ಆದರೆ ಅವಕಾಶ ಮಾಡಿಕೊಟ್ಟದ್ದು 5 ಸಲ, ಬಾಲ್ ಕಳೆದುಕೊಂಡದ್ದು 17 ಸಲ. ಇವಳ ಕೈಗೆ ಬಾಲ್ ಬಂದರೆ ಉಳಿದ ನಾಲ್ವರ ಕಾಲು ನಿಂತುಬಿಡುತ್ತದೆ. ಬಾಲ್ ಬರುವುದಿಲ್ಲ ಅಂತ ಗೊತ್ತಾದ ಮೇಲೆ ಯಾರು ಓಡುತ್ತಾರೆ? ಹುಡುಗಿ ಆಟ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ತಪ್ಪಿರುವುದು ಅವಳನ್ನು ನಿಲ್ಲಿಸಿದ ಜಾಗದಲ್ಲಿ. ಆಲನ್ ಐವರ್ಸನ್ ಆರಡಿ ಎತ್ತರದವರು, ಎನ್‌ಬಿಎ ಲೆಕ್ಕದಲ್ಲಿ ಗಿಡ್ಡ. ಆದರೂ ಫಿಲಡೆಲ್ಫಿಯಾ ತಂಡದಲ್ಲಿ ಕೋಚ್ ಲ್ಯಾರಿ ಬ್ರೌನ್ ಅವರನ್ನು ಶೂಟಿಂಗ್ ಗಾರ್ಡ್ ಮಾಡಿದರು, ಅಂದರೆ ಮುಖ್ಯವಾಗಿ ರಿಂಗಿಗೆ ಎಸೆಯುವ ಗಾರ್ಡ್. ಆಟ ನಡೆಸುವ ಕೆಲಸವನ್ನು ಅವರಿಗಿಂತ ಎತ್ತರದ ಎರಿಕ್ ಸ್ನೋಗೆ ಕೊಟ್ಟರು. 2001ರಲ್ಲಿ ಐವರ್ಸನ್ ಎಂವಿಪಿ, ಅಂದರೆ ಲೀಗಿನ ಅತ್ಯಮೂಲ್ಯ ಆಟಗಾರ ಆದರು, ತಂಡ ಫೈನಲ್ಸ್‌ಗೆ ಹೋಯಿತು. 7ನೇ ನಂಬರಿಗೆ ಬೇಕಾಗಿರುವುದು ಒಬ್ಬ ಎರಿಕ್ ಸ್ನೋ. ಇದನ್ನು ಸರ್‌ಗೆ ಹೇಳಿದಾಗ ಅವರು ತಲೆ ಆಡಿಸಿದರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

5ನೇ ನಂಬರ್ ಜಾಗರೂಕ ಹುಡುಗಿ. 4 ಸಲ ಮಾತ್ರ ಬಾಲ್ ಕಳೆದುಕೊಂಡಳು. ಆದರೆ ಅರ್ಧ ಕೋರ್ಟ್ ದಾಟಿದ ಕೂಡಲೇ ಡ್ರಿಬಲ್ ನಿಲ್ಲಿಸಿ ಪಕ್ಕದವಳಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾಳೆ. ಹೆದರಿಕೆ. ಇನ್ನೊಂದು ವರ್ಷ ಬೇಕು.

9ನೇ ನಂಬರ್ ನನ್ನ ಮಗಳು. 31 ಪಾಯಿಂಟ್, 9 ಅವಕಾಶ, 7 ತಪ್ಪು. ಅವಳು ಪಾಯಿಂಟ್ ಗಾರ್ಡ್ ಅಲ್ಲ. ಇದನ್ನು ಬರೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು, ಯಾಕೆಂದರೆ ನಾನು ಆ ಜಾಗದಲ್ಲಿ ಆಡಿದವಳು, ಅವಳೂ ಅಲ್ಲೇ ನಿಲ್ಲಲಿ ಅಂತ ಆಸೆ ಇತ್ತು. ಆದರೆ ಅವಳ ಸುಖ ಇರುವುದು ಸ್ಕ್ರೀನ್ ಸುತ್ತಿ ಬಂದು, ಬಾಲ್ ಹಿಡಿದು, ಅದೇ ಉಸಿರಿನಲ್ಲಿ ಎಸೆಯುವುದರಲ್ಲಿ. ಬಾಲ್ ತರುವ ಕೆಲಸ ಕೊಟ್ಟ ದಿನ ಮುಖ ಬಾಡುತ್ತದೆ. ಕೊನೆಯ ಪಂದ್ಯ ಮುಗಿಸಿ ಬರುವಾಗ ಅವಳೇ ಕೇಳಿದಳು: “ಅಮ್ಮಾ, ನಾನು ಬಾಲ್ ತರ್ಲೇಬೇಕಾ?” ಬೇಡ ಅಂದೆ.

ಇನ್ನು 11ನೇ ನಂಬರ್. ಇವಳ ಬಗ್ಗೆ ಎಷ್ಟು ಬರೆದರೂ ಕಡಿಮೆ.

ಮೊದಲ ಎರಡು ವಾರ ನಾನು ಇವಳನ್ನು ಗಮನಿಸಿಯೇ ಇರಲಿಲ್ಲ. ಓಟ ಜೋರಿಲ್ಲ. ಡ್ರಿಬಲ್ ಸಾಧಾರಣ. ಬೆನ್ನ ಹಿಂದೆ ಬಾಲ್ ದಾಟಿಸುವ ಕಸರತ್ತು ಬಂದಾಗ ಬಾಲ್ ಓಡಿಹೋಗಿ ಗೋಡೆಗೆ ಬಡಿಯುತ್ತಿತ್ತು. ಆದರೆ ಪಂದ್ಯದಲ್ಲಿ ಇವಳ ಕೈಗೆ ಬಾಲ್ ಬಂದರೆ ಇಡೀ ತಂಡ ಓಡಲು ಶುರು ಮಾಡುತ್ತದೆ. ಬರುತ್ತದೆ ಅಂತ ಎಲ್ಲರಿಗೂ ನಂಬಿಕೆ. ನಾಲ್ಕು ಪಂದ್ಯದಲ್ಲಿ 12 ಪಾಯಿಂಟ್, 29 ಅವಕಾಶ, 8 ತಪ್ಪು. ಅಂಕಿಗಳನ್ನು ಬದಿಗಿಡಿ. ಎರಡನೇ ಭಾನುವಾರದ ಒಂದು ಘಟನೆ ಹೇಳುತ್ತೇನೆ.

ಎದುರು ತಂಡ ಪೂರ್ತಿ ಕೋರ್ಟ್ ಪ್ರೆಸ್ ಹಾಕಿತು, ಅಂದರೆ ಕೋರ್ಟಿನ ಆ ತುದಿಯಿಂದಲೇ ಮೈಮೇಲೆ ಬಿದ್ದು ತಡೆಯುವುದು. ಇಬ್ಬರು ಹುಡುಗಿಯರು ಇವಳ ಮೇಲೆ ಬಿದ್ದರು. 7ನೇ ನಂಬರ್ ಆಗಿದ್ದರೆ ಇಬ್ಬರ ನಡುವೆ ನುಗ್ಗುತ್ತಿದ್ದಳು. ಇವಳು ಎರಡು ಹೆಜ್ಜೆ ಹಿಂದಕ್ಕೆ ಬಂದಳು. ಡ್ರಿಬಲ್ ನಿಲ್ಲಿಸಲಿಲ್ಲ. ಆ ಇಬ್ಬರೂ ಅವಳ ಹಿಂದೆಯೇ ಬಂದರು, ಅಂದರೆ ಅವರು ಬಿಟ್ಟು ಬಂದ ಜಾಗ ಖಾಲಿ. ಖಾಲಿ ಕೈಯಲ್ಲಿ ನನ್ನ ಮಗಳಿಗೆ ಆ ಜಾಗ ತೋರಿಸಿದಳು. ಮಗಳು ಅಲ್ಲಿಗೆ ತಲುಪುವ ಮೊದಲೇ ಬಾಲ್ ಅಲ್ಲಿಗೆ ಹೊರಟಿತ್ತು. ಮಗಳಿಂದ ಬಾಲ್ ರಿಂಗ್ ಕೆಳಗಿನ ಎತ್ತರದ ಹುಡುಗಿಗೆ ಹೋಯಿತು, ಅವಳು ಹಾಕಿದಳು. ಸ್ಕೋರ್ ಬರೆಯುವವರು ಅಸಿಸ್ಟ್ ಕೊಡುವುದು ನನ್ನ ಮಗಳಿಗೆ. ಆ ಎರಡು ಪಾಯಿಂಟ್ ಹುಟ್ಟಿದ್ದು 11ನೇ ನಂಬರಿನ ಎರಡು ಹಿಂದಿನ ಹೆಜ್ಜೆಯಲ್ಲಿ.

ಇನ್ನೊಂದು ವಿಷಯ. ನನ್ನ ಮಗಳಿಗೆ ಎದೆ ಎತ್ತರದಲ್ಲಿ ಪಾಸ್ ಬಂದರೆ ಇಷ್ಟ, ಬಂದ ಹಾಗೇ ಎಸೆಯಬಹುದು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. 11ನೇ ನಂಬರ್ ಪ್ರತಿ ಸಲ ಅವಳಿಗೆ ಅಲ್ಲಿಗೇ ಕೊಡುತ್ತಾಳೆ. 5ನೇ ನಂಬರಿಗೆ ಮಾತ್ರ ನೆಲಕ್ಕೆ ಬಡಿದು ಕೊಡುತ್ತಾಳೆ. ಯಾಕೆ ಅಂತ ಕೇಳಿದೆ. “ಆಂಟಿ, ಅವಳಿಗೆ ಜೋರಾಗಿ ಬರುವ ಬಾಲ್ ಕಂಡರೆ ಹೆದರಿಕೆ. ನೆಲಕ್ಕೆ ಬಡಿದರೆ ನಿಧಾನ ಆಗುತ್ತೆ ಅಲ್ವಾ,” ಅಂದಳು. 14 ವರ್ಷದ ಹುಡುಗಿ! ನನ್ನ ಕಣ್ಣು ತುಂಬಿ ಬಂತು. ಇದನ್ನು ಯಾವ ಕ್ಲಾಸೂ ಕಲಿಸಿಲ್ಲ. ಆದರೆ ಇಂಥವಳು ತಮ್ಮಲ್ಲೇ ಇದ್ದಾಳೆ ಅಂತ ಗುರುತಿಸುವುದು ಕ್ಲಾಸಿನ ಕೆಲಸ. 12 ವಾರದಲ್ಲಿ ಒಂದು ದಿನವೂ ಅವಳನ್ನು ಮುಂದೆ ಕರೆದು ನಿಲ್ಲಿಸಿ, ಇವಳನ್ನು ನೋಡಿ ಅಂತ ಮಕ್ಕಳಿಗೆ ಹೇಳಲಿಲ್ಲ. ನನ್ನ ದೊಡ್ಡ ದೂರು ಇದೇ.

ಎರಡನೇ ದೂರು ಆ ಗೆರೆಯದ್ದು. ರಿಂಗ್ ಕೆಳಗಿನ ಎತ್ತರದ ಹುಡುಗಿ ಅಂದೆನಲ್ಲ, ಅವಳು 14ನೇ ನಂಬರ್. ಗೆರೆಗಿಂತ ನಾಲ್ಕು ಬೆರಳು ಮೇಲಿದ್ದಳು, ಗಾರ್ಡ್ ಅಭ್ಯಾಸಕ್ಕೆ ಅವಳನ್ನು ಸೇರಿಸಲೇ ಇಲ್ಲ. ಎಡಗೈ ಡ್ರಿಬಲ್ ಇವತ್ತಿಗೂ ಬರುವುದಿಲ್ಲ. ಆದರೆ ರಿಬೌಂಡ್ (ರಿಂಗಿಗೆ ಬೀಳದೆ ಚಿಮ್ಮಿ ಬಂದ ಬಾಲ್) ಹಿಡಿದು ಇಳಿಯುವಾಗಲೇ ಕೋರ್ಟಿನ ಆ ತುದಿ ನೋಡಿರುತ್ತಾಳೆ. ಕೊನೆಯ ಎರಡು ಪಂದ್ಯದಲ್ಲೇ 16 ಅವಕಾಶ ಮಾಡಿಕೊಟ್ಟಳು, 7ನೇ ನಂಬರಿನ ನಾಲ್ಕು ಪಂದ್ಯದ ಲೆಕ್ಕಕ್ಕಿಂತ ಮೂರು ಪಟ್ಟು. ಇವತ್ತಿನ ಎನ್‌ಬಿಎ ನೋಡುವವರಿಗೆ ಇದು ಹೊಸದಲ್ಲ. 2023ರಲ್ಲಿ ಗೆದ್ದ ಡೆನ್ವರ್ ತಂಡದಲ್ಲಿ ಆಟ ನಡೆಸಿದ್ದು ಸೆಂಟರ್, ಅಂದರೆ ರಿಂಗ್ ಕೆಳಗೆ ಆಡುವ ಎತ್ತರದ ಆಟಗಾರ ನಿಕೋಲಾ ಯೋಕಿಚ್. ಗಾರ್ಡ್‌ಗಳು ಅವರ ಸುತ್ತ ಓಡುತ್ತಾರೆ, ಅವರು ಕೊಡುತ್ತಾರೆ. ನಮ್ಮ 14ನೇ ನಂಬರಿಗೆ ಸರಿಯಾದ ಡ್ರಿಬಲ್ ಕಲಿಸಿದ್ದರೆ ಏನಾಗುತ್ತಿತ್ತು? 12 ವಾರ ಹೋಯಿತು.

ನನ್ನ ಗಂಡ ಇದನ್ನೆಲ್ಲ ಕೇಳಿ ಒಂದು ಪ್ರಶ್ನೆ ಹಾಕಿದರು. ಪ್ರತಿ ತಂಡಕ್ಕೂ ನಿಜವಾದ ಪಾಯಿಂಟ್ ಗಾರ್ಡ್ ಬೇಕೇ ಬೇಕಾ? ನ್ಯಾಯವಾದ ಪ್ರಶ್ನೆ. ಫಿಲ್ ಜಾಕ್ಸನ್ ಕೋಚ್ ಆಗಿದ್ದಾಗ ಶಿಕಾಗೊ ಬುಲ್ಸ್ ಆರು ಸಲ ಗೆದ್ದಿತು. ಅಲ್ಲಿ ಜಾನ್ ಪ್ಯಾಕ್ಸನ್, ಸ್ಟೀವ್ ಕೆರ್ ಥರದ ಗಾರ್ಡ್‌ಗಳ ಮುಖ್ಯ ಕೆಲಸ ದೂರದಿಂದ ಎಸೆಯುವುದು. ಟ್ರಯಾಂಗಲ್ ಪದ್ಧತಿಯಲ್ಲಿ ಬಾಲ್ ಎಲ್ಲರ ಕೈ ದಾಟುತ್ತಿತ್ತು, ಸ್ಕಾಟಿ ಪಿಪ್ಪೆನ್ ಫಾರ್ವರ್ಡ್ ಆಗಿದ್ದುಕೊಂಡೇ ಆಟ ಶುರು ಮಾಡುತ್ತಿದ್ದರು. ಎನ್‌ಬಿಎಯ ಸ್ಟೀಫನ್ ಕರಿ ನಿಜವಾದ ಪಾಯಿಂಟ್ ಗಾರ್ಡಾ ಅನ್ನುವ ಚರ್ಚೆಯೂ ಮುಗಿದಿಲ್ಲ. ಅವರ ತಂಡದಲ್ಲಿ ಎಷ್ಟೋ ಸಲ ಡ್ರೇಮಂಡ್ ಗ್ರೀನ್ ಪಾಸ್ ಕೊಡುತ್ತಾರೆ, ಕರಿ ಬಾಲ್ ಇಲ್ಲದೆ ಓಡುತ್ತಾರೆ. ಆದರೆ ಆ ಓಟಕ್ಕೆ ಇಬ್ಬರು ಬೆನ್ನು ಹತ್ತುತ್ತಾರೆ, ಬೇರೆಯವರಿಗೆ ದಾರಿ ತೆರೆಯುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಅದೂ ಎರಡನೇ ಕಾಲಮ್ಮಿಗೇ ಸೇರುತ್ತದೆ. ಅಂದರೆ ಆ ಕೆಲಸ ಯಾರಾದರೂ ಮಾಡಲೇಬೇಕು. ಗಾರ್ಡೇ ಮಾಡಬೇಕು ಅಂತಿಲ್ಲ. ಹಾಗಂತ ಗಾರ್ಡನ್ನೇ ತಯಾರು ಮಾಡುತ್ತೇವೆ ಅಂತ ಫೀಸು ತೆಗೆದುಕೊಂಡವರನ್ನು ನಾನು ಕೇಳುತ್ತೇನೆ.

ಸೇರಿಸಬೇಕು ಅನ್ನುವವರಿಗೆ ಒಂದಿಷ್ಟು ವಿವರ. ಕುಡಿಯುವ ನೀರು ಮನೆಯಿಂದಲೇ ತನ್ನಿ. ಶೌಚಾಲಯ ಸ್ವಚ್ಛವಾಗಿದೆ. ಕೋರ್ಟ್ ಸಿಮೆಂಟಿನದು, ಹಳೆಯ ಶೂ ಹಾಕಿದರೆ ಮಂಡಿ ನೋಯುತ್ತದೆ. ಚಾವಣಿ ಇಲ್ಲ, ಆದ್ದರಿಂದ ಜೂನ್‌ನಲ್ಲಿ ಮಳೆ ಶುರುವಾದರೆ ಕ್ಲಾಸು ಬಂದ್. ಫೀಸು ಒಂದೇ ಸಲ ಕಟ್ಟಬೇಕು. ತಪ್ಪಿದ ದಿನಕ್ಕೆ ಬದಲಿ ದಿನ ಕೊಡುತ್ತಾರೆ, ಈ ವಿಷಯದಲ್ಲಿ ಮಾತು ಉಳಿಸಿಕೊಂಡರು. ಮಕ್ಕಳ ಮೇಲೆ ಕೂಗಾಡುವುದಿಲ್ಲ. ಸೋತ ದಿನ ಸರ್ ತಾವೇ ಬಾಳೆಹಣ್ಣು ತರಿಸಿ ಎಲ್ಲರಿಗೂ ಹಂಚಿದರು.

ಡ್ರಿಬಲ್, ಪಿವಟ್, ಎಡಗೈ ಕಲಿಯಬೇಕಾದ ಮಗುವನ್ನು ಕಣ್ಣು ಮುಚ್ಚಿ ಕಳಿಸಿ. ಆ ಮಟ್ಟಿಗೆ ಐದಕ್ಕೆ ನಾಲ್ಕೂವರೆ. ಪಾಯಿಂಟ್ ಗಾರ್ಡ್ ತಯಾರು ಮಾಡುವುದಕ್ಕೆ ಎರಡು, ಅದಕ್ಕಿಂತ ಜಾಸ್ತಿ ಕೊಡಲು ಮನಸ್ಸು ಬರುತ್ತಿಲ್ಲ. 24 ಸೆಕೆಂಡಿನ ಗಡಿಯಾರ ಮುಂದಿನ ಬ್ಯಾಚಿನಿಂದ ಪ್ರತಿ ದಿನ ಇರುತ್ತದೆ ಅಂತ ಸರ್ ಹೇಳಿದ್ದಾರೆ. ಐದು ಜನರ ಆಟವನ್ನು 20 ನಿಮಿಷದಿಂದ 40ಕ್ಕೆ ಏರಿಸುತ್ತಾರಂತೆ. ಗೆರೆಯ ವಿಷಯ ಇನ್ನೂ ಮಾತಾಡುತ್ತಿದ್ದೇವೆ.

ಮಳೆ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಹೊಸ ಬ್ಯಾಚ್. ಕಳೆದ ಭಾನುವಾರ ಫಾರಂ ತುಂಬಿಸಿದೆವು. ಯಾವ ಜಾಗ ಅಂತ ಬರೆಯುವ ಕಡೆ, ಹೋದ ಸಲ ನಾನೇ ಅವಳ ಪರವಾಗಿ 1 ಅಂತ ಬರೆದಿದ್ದೆ, ಪಾಯಿಂಟ್ ಗಾರ್ಡಿನ ಅಂಕಿ ಅದು. ಈ ಸಲ ಮಗಳು ಪೆನ್ನು ತೆಗೆದುಕೊಂಡು ತಾನೇ 2 ಅಂತ ಬರೆದಳು, ಶೂಟಿಂಗ್ ಗಾರ್ಡಿನ ಅಂಕಿ. ಆಮೇಲೆ ತಲೆ ಎತ್ತಿ ಸರ್‌ನ ಕೇಳಿದಳು, 11ನೇ ನಂಬರಿನವಳೂ ಸೇರಿದ್ದಾಳಾ ಅಂತ.